ಹೆರಿಗೆಗೆ ಮೊದಲಿನ ಆರು ಕೆಲಸ

ನರ ಹುಡುಕುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ರಕ್ತ ಕೊಡಲು ಬಂದು ಕೈ ಚಾಚಿ ಕೂತ ಹೆಂಗಸರಿಗೆ ಇದನ್ನು ಕಂಡು ಗಾಬರಿಯಾಗುತ್ತಿತ್ತು. ಸೂಜಿ ಹಿಡಿದವಳು ಕಣ್ಣು ಮುಚ್ಚಿದರೆ ಯಾರಿಗೆ ಆಗುವುದಿಲ್ಲ? ಆದರೆ ಅವರ ತೋರುಬೆರಳು ಮೊಣಕೈಯ ಮಡಿಕೆಯಲ್ಲಿ ಮೆಲ್ಲಗೆ ಸರಿದು ಒಂದು ಕಡೆ ನಿಲ್ಲುವುದು, ಅವರು ಕಣ್ಣು ತೆರೆಯುವುದು, ಟ್ಯೂಬಿಗೆ ರಕ್ತ ಬರುವುದು, ಇಷ್ಟೂ ಆಗಿ ಮುಗಿದ ಮೇಲೆ ಆ ಹೆಂಗಸು "ಖಲಾಸ್?" ಎಂದು ಕೇಳುತ್ತಿದ್ದಳು. ಚುಚ್ಚಿದ್ದೇ ಗೊತ್ತಾಗಿರುತ್ತಿರಲಿಲ್ಲ. ನನಗೆ ಕಲಿಸುವಾಗ ಅವರು ಹೇಳಿದ್ದು ಒಂದೇ ಮಾತು: "ನೀನು ಅವಸರ ಮಾಡಿದ್ರೆ ನರವೂ ಓಡ್ತದೆ. ನೀನು ನಿಂತ್ರೆ ಅದೂ ನಿಲ್ತದೆ."

ಸೌದಿಯ ದಮ್ಮಾಮಿನ ಒಂದು ಖಾಸಗಿ ಕ್ಲಿನಿಕ್ಕಿನ ಲ್ಯಾಬಿಗೆ ನಾನು ಟೆಕ್ನಿಷಿಯನ್ ಆಗಿ ಸೇರಿದಾಗ ಅವರು ಅಲ್ಲಿ ಇನ್‌ಚಾರ್ಜ್ ಆಗಿದ್ದರು. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನಾನು ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎಂದೆ. ಮೊದಲ ದಿನ ಹಾಗೆ ಕರೆದಾಗ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿ, "ಯಾವೂರು ನಿಂದು?" ಎಂದು ಕೇಳಿದರು. ಭಟ್ಕಳ ಎಂದೆ. ಅವರ ಮನೆಮಾತು ಕೊಂಕಣಿ, ನನ್ನದು ಭಟ್ಕಳದ ಮುಸ್ಲಿಮರ ನವಾಯತಿ. ದೂರದಿಂದ ಕೇಳಿದವರು ಎರಡೂ ಒಂದೇ ಅನ್ನುತ್ತಾರೆ. ಮಾತಾಡಿ ನೋಡಿದ ನಾವು ಮೂರನೇ ವಾಕ್ಯಕ್ಕೇ ದಾರಿ ತಪ್ಪಿದೆವು. ಕೊನೆಗೆ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಬಂದು ನಿಂತೆವು, ಅಲ್ಲಿಂದ ಮುಂದೆ ಅದೇ ನಮ್ಮ ಭಾಷೆಯಾಯಿತು.

ಕಳೆದ ತಿಂಗಳು ಅವರು ಗಂಡ ಮಗುವಿನ ಜೊತೆ ಊರಿಗೆ ಹೊರಟುಹೋದರು. ಗಂಡನ ಕಂಪನಿಯ ಕೆಲಸ ಮುಗಿದಿತ್ತು, ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಮುಂದುವರಿಸಲಿಲ್ಲ. ಹೀಗೆ ಹೋಗುವವರನ್ನು ಈ ದೇಶದಲ್ಲಿ ಬೇಕಾದಷ್ಟು ನೋಡಿದ್ದೇನೆ. ಪೆಟ್ಟಿಗೆ ಕಟ್ಟುತ್ತೇವೆ, ಒಂದು ದಿನ ಒಟ್ಟಿಗೆ ಊಟ ಮಾಡುತ್ತೇವೆ, ಆರು ತಿಂಗಳಲ್ಲಿ ಮರೆಯುತ್ತೇವೆ. ಇವರನ್ನು ಹಾಗೆ ಮರೆಯಲು ನನಗೆ ಇಷ್ಟವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಯಮ್ಮ ಬಸುರಿಯಾದಾಗ ಅವರಿಗೆ ನಲವತ್ತೊಂದು ವರ್ಷ. ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಮೂರು ಸಲ ಬಸುರು ನಿಂತರೂ ಉಳಿಯದೆ ಹೋಗಿತ್ತಂತೆ. ಆಮೇಲೆ ಗಂಡ ಹೆಂಡತಿ ಆ ಮಾತನ್ನೇ ಬಿಟ್ಟಿದ್ದರು. ಈ ಸಲ ಪರೀಕ್ಷೆಯನ್ನು ಅವರು ತಾವೇ ಮಾಡಿಕೊಂಡರು, ನಮ್ಮ ಲ್ಯಾಬಿನಲ್ಲೇ. ಫಲಿತಾಂಶ ನೋಡಿ ಯಾರಿಗೂ ಹೇಳದೆ ಮತ್ತೊಂದು ಟ್ಯೂಬ್ ರಕ್ತ ತೆಗೆಸಿಕೊಂಡು ಇನ್ನೊಮ್ಮೆ ಮಾಡಿದರು. ಎರಡನೇ ಸಲ ರಕ್ತ ತೆಗೆದವಳು ನಾನು. ಯಾಕೆ ಎಂದು ಕೇಳಿದ್ದಕ್ಕೆ, "ಮೆಷಿನ್ ಸರಿ ಉಂಟಾ ನೋಡ್ಲಿಕ್ಕೆ" ಎಂದರು. ಮೆಷಿನ್ ಸರಿಯಾಗಿಯೇ ಇತ್ತು.

ಅದಾಗಿ ಒಂದು ವಾರಕ್ಕೆ ಅವರು ಲ್ಯಾಬಿನ ಹಳೆಯ ಫಾರಂ ಒಂದರ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದರು. ನನ್ನನ್ನು ಕರೆದು ತೋರಿಸಿದರು. ಕನ್ನಡದಲ್ಲಿ ಆರು ಸಾಲು. ಕಾರು ಬಿಡಲು ಕಲಿಯಬೇಕು. ಅರಬ್ಬಿ ಓದಲು ಕಲಿಯಬೇಕು. ಎದುರು ಮನೆಯ ಸುಡಾನಿ ಹೆಂಗಸಿನ ಹತ್ತಿರ ಮಾತಾಡಬೇಕು. ಅಪ್ಪ ಕೆಲಸ ಮಾಡಿದ ಊರು ಹಾಯಿಲ್ ನೋಡಬೇಕು. ಸಮುದ್ರದಲ್ಲಿ ಅಂಗಾತ ಮಲಗಿ ತೇಲಬೇಕು. ಆರನೆಯ ಸಾಲಿನಲ್ಲಿ ಕೆಲಸ ಯಾವುದೂ ಇರಲಿಲ್ಲ, ಬರೀ ಒಬ್ಬ ಗಂಡಸಿನ ಹೆಸರು. ಯಾರು ಎಂದೆ. "ಅದು ಕಡೆಗೆ" ಎಂದು ಕಾಗದ ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡರು.

ನನಗೆ ಎರಡು ಮಕ್ಕಳು. ಎರಡು ಬಸುರಿನಲ್ಲೂ ನಾನು ಮಾಡಿದ ಪಟ್ಟಿಯಲ್ಲಿ ಬಟ್ಟೆ, ಡೈಪರು, ತೊಟ್ಟಿಲು, ಊರಿಂದ ತರಿಸಬೇಕಾದ ಬಾಣಂತಿ ಮದ್ದು, ಇಷ್ಟೇ ಇದ್ದದ್ದು. ಈ ವಯಸ್ಸಿನಲ್ಲಿ, ಮೂರು ಸಲ ಕಳೆದುಕೊಂಡ ಮೇಲೆ, ಹಾಸಿಗೆ ಹಿಡಿದು ಮಲಗುವುದು ಬಿಟ್ಟು ಇದೇನು ಎಂದು ಅನ್ನಿಸಿತು, ಅಂದೂಬಿಟ್ಟೆ. ಮಲಗಿದ ಬಸುರು ನಿಂತದ್ದು, ಓಡಾಡಿದ್ದು ಹೋದದ್ದು ಅಂತ ಏನಿಲ್ಲ, ತಾನು ಮೊದಲೆರಡು ಸಲ ಮಲಗಿಯೇ ಇದ್ದೆ ಎಂದು ಅವರು ಹೇಳಿದರು. ಡಾಕ್ಟರರನ್ನು ಕೇಳಿಯೇ ಎಲ್ಲ ಮಾಡುವುದು ಎಂದೂ ಸೇರಿಸಿದರು. ಹಾಗೆಯೇ ಮಾಡಿದರು ಕೂಡ.

ಅರಬ್ಬಿ ಓದುವುದನ್ನು ಮೊದಲು ಹಿಡಿದರು, ಅದಕ್ಕೆ ನನ್ನನ್ನು ಮೇಷ್ಟ್ರು ಮಾಡಿದರು. ನಮ್ಮ ಜೋಡಿ ವಿಚಿತ್ರದ್ದು. ಒಂಬತ್ತು ವರ್ಷ ಅರಬ್ ಹೆಂಗಸರ ಕೈ ಹಿಡಿದು ಮಾತಾಡಿ ಅವರಿಗೆ ಭಾಷೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನನಗೆ ಚಿಕ್ಕಂದಿನಿಂದ ಕುರಾನ್ ಓದಿ ಅಕ್ಷರ ಬರುತ್ತಿತ್ತು, ಭಾಷೆ ಅಷ್ಟಕ್ಕಷ್ಟೆ. ನಮಾಜಿನ ಬಿಡುವಿನಲ್ಲಿ ನಾನು ನಮಾಜು ಮುಗಿಸಿ ಬಂದ ಮೇಲೆ ಉಳಿದ ಹತ್ತು ನಿಮಿಷ ನಮ್ಮ ಪಾಠ. ಮದ್ದಿನ ಪೆಟ್ಟಿಗೆ, ನೀರಿನ ಬಾಟಲಿ, ಗೋಡೆಯ ಸೂಚನೆ, ಸಿಕ್ಕಿದ್ದನ್ನೆಲ್ಲ ನಾನು ಅಕ್ಷರ ಕೂಡಿಸಿ ಉಚ್ಚರಿಸುತ್ತಿದ್ದೆ. ಅವರು ಕಿವಿಗೊಟ್ಟು ಕೇಳಿ ಅರ್ಥ ಹೇಳುತ್ತಿದ್ದರು. ನಾಲ್ಕನೇ ತಿಂಗಳ ಹೊತ್ತಿಗೆ ನಾನು ಬೇಡವಾದೆ. ಲ್ಯಾಬಿನ ಬಾಗಿಲಿಗೆ ಒಂಬತ್ತು ವರ್ಷದಿಂದ ಅಂಟಿಸಿದ್ದ ಒಂದು ಕಾಗದವನ್ನು ಅವರು ಒಂದು ದಿನ ತಾವೇ ಓದಿದರು. ರಕ್ತ ಕೊಡುವ ಮೊದಲು ಊಟ ಮಾಡಬಾರದು ಎಂದು ಅದರಲ್ಲಿತ್ತು. ದಿನಕ್ಕೆ ನಲವತ್ತು ಸಲ ಇದನ್ನೇ ಬಾಯಲ್ಲಿ ಹೇಳಿ ಗಂಟಲು ಹರಿದುಕೊಂಡೆನಲ್ಲ, ಇಲ್ಲಿ ತೋರಿಸಿದ್ದರೆ ಸಾಕಿತ್ತು ಎಂದು ನಕ್ಕರು.

ಕಾರು ಕಲಿಯಲು ಹೆಂಗಸರ ಡ್ರೈವಿಂಗ್ ಶಾಲೆಗೆ ಸೇರಿದರು. ಕಲಿಸುವವಳು ಇಪ್ಪತ್ತನಾಲ್ಕು ವರ್ಷದ ಸೌದಿ ಹುಡುಗಿ. ಹೊಟ್ಟೆಗೆ ಸ್ಟೀರಿಂಗ್ ತಾಗದ ಹಾಗೆ ಸೀಟು ಹಿಂದೆ ತಳ್ಳಿದರೆ ಬಾಯಮ್ಮನ ಕಾಲು ಪೆಡಲಿಗೆ ಸಿಗುತ್ತಿರಲಿಲ್ಲ, ಅವರು ಕುಳ್ಳಗಿದ್ದರು. ಆ ಹುಡುಗಿ ಬೆನ್ನಿಗೆ ಇಡಲು ಮನೆಯಿಂದ ದಿಂಬು ತಂದಳಂತೆ. ಮೊದಲ ಪರೀಕ್ಷೆಯಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಕಂಬಕ್ಕೆ ತಾಗಿಸಿ ಫೇಲಾದರು. ಎರಡನೆಯದರಲ್ಲಿ ಪಾಸಾದರು. ಲೈಸೆನ್ಸ್ ಸಿಕ್ಕ ಮೇಲೆ ನನ್ನನ್ನು ಕೂರಿಸಿಕೊಂಡು ದಮ್ಮಾಮಿನಿಂದ ಪಕ್ಕದ ಊರು ಖೋಬರಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಬಲಗಡೆಯ ಅಂಚಿನ, ನಿಧಾನ ಹೋಗುವವರ ಲೇನಿನಲ್ಲಿ ಅರವತ್ತರ ಮೇಲೆ ಹೋಗಲಿಲ್ಲ. ಲಾರಿಯವರೂ ಹಾರ್ನ್ ಹೊಡೆದು ದಾಟಿಹೋದರು. ನಾನು ಬಾಗಿಲಿನ ಹಿಡಿ ಬಿಟ್ಟಿರಲಿಲ್ಲ. ಅವರು ಮಾತ್ರ ಶಾಂತವಾಗಿ, ಹೋಗಲಿ ಪಾಪ ಅವರಿಗೆ ಅರ್ಜೆಂಟಿದೆ ಎನ್ನುತ್ತಾ ಎಲ್ಲರಿಗೂ ದಾರಿ ಬಿಟ್ಟರು.

ಎದುರು ಮನೆಯ ಸುಡಾನಿ ಹೆಂಗಸಿಗೂ ಅವರಿಗೂ ಆರು ವರ್ಷದಿಂದ ಲಿಫ್ಟಿನಲ್ಲಿ ಸಲಾಮು ಮಾತ್ರ. ಒಂದು ಶುಕ್ರವಾರ ಸಾನ್ನಾಂ ಬೇಯಿಸಿ ತಟ್ಟೆಯಲ್ಲಿಟ್ಟುಕೊಂಡು ಬಾಗಿಲು ಬಡಿದರು. ಬಿಳಿ ಇಡ್ಲಿಯಂಥ ಅದನ್ನು ಕಂಡು ಆಕೆ ಇದನ್ನು ಹಾಲಿಗೆ ಹಾಕುವುದೋ ಸಾರಿಗೆ ಹಾಕುವುದೋ ಎಂದು ಕೇಳಿದಳಂತೆ. ಐದು ಮಕ್ಕಳನ್ನು ಹೆತ್ತವಳು. ಬಾಯಮ್ಮನ ಹೊಟ್ಟೆಯನ್ನು ಮೊದಲು ಗುರುತಿಸಿದ್ದು ತಾನೇ ಎಂದಳು. ಲಿಫ್ಟಿನಲ್ಲಿ ಕೇಳಲು ಸಂಕೋಚವಾಯಿತಂತೆ. ಅಂದಿನಿಂದ ಅವಳು ಎರಡು ದಿನಕ್ಕೊಮ್ಮೆ ಬಂದು ಇವರ ಊದಿದ ಕಾಲಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದಳು. ಆರು ವರ್ಷ ಬಾಗಿಲಿನ ಎರಡೂ ಕಡೆ ನಾವು ಎಂತ ಕಾಯ್ತಾ ಇದ್ದದ್ದೋ ಎಂದು ಬಾಯಮ್ಮ ಆಗಾಗ ಹೇಳಿಕೊಳ್ಳುತ್ತಿದ್ದರು.

ಹಾಯಿಲಿಗೆ ಹೋದದ್ದು ಐದನೇ ತಿಂಗಳಲ್ಲಿ, ಚಳಿಗಾಲ. ಬಾಯಮ್ಮ ಚಿಕ್ಕವರಿದ್ದಾಗ ಅವರ ಅಪ್ಪ ಎರಡು ವರ್ಷ ಅಲ್ಲಿನ ಗೋಧಿ ಹೊಲದಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ಚಕ್ರದ ಮೇಲೆ ನಿಂತ ಉದ್ದದ ಪೈಪು ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ನೀರು ಹಾಯಿಸುತ್ತದೆ, ಮರಳಿನ ನಡುವೆ ವೃತ್ತಾಕಾರದ ಹಸಿರು ಹೊಲ ಇರುತ್ತದೆ, ಬೆಳಿಗ್ಗೆ ಎದ್ದರೆ ಮೀಸೆಯ ಮೇಲೆ ಮಂಜು ಗಟ್ಟಿಯಾಗಿರುತ್ತದೆ ಎಂದೆಲ್ಲ ಅವರು ರಜೆಗೆ ಬಂದಾಗ ಹೇಳುತ್ತಿದ್ದರು. ಮರಳುಗಾಡಿನಲ್ಲಿ ಮಂಜೇ ಎಂದು ಮನೆಯವರು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ತಾನು, ಶಾಲೆಯ ಪುಸ್ತಕ ತಂದು ಮರುಭೂಮಿ ಅಂದರೆ ಏನು ಎಂದು ಅಪ್ಪನಿಗೇ ಓದಿ ಹೇಳಿದ್ದೆ ಎಂದು ಬಾಯಮ್ಮ ಹೇಳಿದ್ದರು. ಅಪ್ಪ ಆಮೇಲೆ ಆ ಮಾತು ನಿಲ್ಲಿಸಿದರಂತೆ. ತೀರಿಕೊಂಡು ಈಗ ಬಹಳ ಕಾಲವಾಯಿತು.

ಗಂಡ ಹೆಂಡತಿ ವಿಮಾನದಲ್ಲಿ ಹೋಗಿ ಎರಡು ದಿನ ಇದ್ದು ಬಂದರು. ಅಪ್ಪನ ಹೊಲ ಯಾವುದೆಂದು ಗೊತ್ತಾಗಲಿಲ್ಲ. ಗೋಧಿ ಬೆಳೆಯುವುದನ್ನು ಬಹಳ ಮಂದಿ ಬಿಟ್ಟಿದ್ದರು. ಊರ ಹೊರಗೆ ಆಲೂಗಡ್ಡೆ ಬೆಳೆದ ಒಂದು ತೋಟದಲ್ಲಿ ಮೂಲೆಗೆ ಎಳೆದಿಟ್ಟ ತುಕ್ಕು ಹಿಡಿದ ಅಂಥದೊಂದು ಪೈಪು ಇತ್ತು. ಅಲ್ಲಿನ ಕೆಲಸದವನ ಒಪ್ಪಿಗೆ ಕೇಳಿ ಬಾಯಮ್ಮ ಅದರ ಚಕ್ರ ಮುಟ್ಟಿ ನೋಡಿದರು. ಎರಡನೇ ದಿನ ಬೆಳಿಗ್ಗೆ ಬಾಡಿಗೆ ಕಾರಿನ ಗಾಜಿನ ಮೇಲೆ ಬಿಳಿಯ ಪದರ ಕೂತಿತ್ತು. ಗಂಡ ಒರೆಸಲು ಬಟ್ಟೆ ಹುಡುಕುತ್ತಿದ್ದರೆ ಇವರು ಉಗುರಿನಿಂದ ಕೆರೆದರು. ಗಟ್ಟಿ ಮಂಜು. ಬಂದ ಮೇಲೆ ಬಾಯಮ್ಮ ನನಗೆ ಇಷ್ಟು ಹೇಳಿ, "ಅಪ್ಪ ಸುಳ್ಳು ಹೇಳಿದ್ದಲ್ಲ ಅಂತ ಹೇಳ್ಲಿಕ್ಕೆ ಈಗ ಮನೆಯಲ್ಲಿ ಯಾರೂ ಉಳಿದಿಲ್ಲ, ಮಾರಾಯ್ತಿ. ಇದಕ್ಕೆ ಹೇಳ್ತೇನೆ" ಎಂದು ಹೊಟ್ಟೆಯ ಮೇಲೆ ಕೈ ಇಟ್ಟರು. ಅಲ್ಲಿಂದ ಒಂದು ಚೀಲ ಆಲೂಗಡ್ಡೆ ತಂದಿದ್ದರು. ಲ್ಯಾಬಿನವರಿಗೆಲ್ಲ ತಲೆಗೆರಡು ಹಂಚಿದರು.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಉತ್ಸಾಹದ ಹೆಂಗಸು ಎಂದು ನೆನಪಿಟ್ಟುಕೊಳ್ಳುತ್ತಿದ್ದೆ. ಆರನೇ ಸಾಲಿನ ವಿಷಯ ಬೇರೆ.

ಆರನೇ ತಿಂಗಳಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ನನ್ನನ್ನು ಮನೆಗೆ ಕರೆದರು. ಒಂದು ಫೋನ್ ಮಾಡಲಿಕ್ಕಿದೆ, ನಿನ್ನ ಉರ್ದು ಬೇಕು ಎಂದಿದ್ದರು. ಅವರ ಹಿಂದಿ ತರಕಾರಿ ಅಂಗಡಿಗೆ ಸಾಕಾಗುವಷ್ಟೇ ಇತ್ತು. ಅಡುಗೆಮನೆಯ ಮೇಜಿನ ಎದುರು ಕೂತು, ಫೋನ್ ಮಾಡುವ ಮೊದಲು ನಡೆದದ್ದನ್ನು ಹೇಳಿದರು.

ಎಂಟು ವರ್ಷದ ಹಿಂದಿನ ಮಾತು. ಅವರು ಈ ಕ್ಲಿನಿಕ್ಕಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಈದ್ ರಜೆಯ ಹಿಂದಿನ ದಿನ, ವಿಪರೀತ ಜನ. ಒಂದೇ ಹೆಸರಿನ ಇಬ್ಬರು ಹೆಂಗಸರ ರಕ್ತ ಒಬ್ಬರ ಹಿಂದೆ ಒಬ್ಬರಂತೆ ತೆಗೆದರು. ಟ್ಯೂಬುಗಳಿಗೆ ಲೇಬಲ್ ಹಚ್ಚುವಾಗ ಅದಲುಬದಲಾಯಿತು. ಸಂಜೆ ಆರೋಗ್ಯವಾಗಿದ್ದವಳಿಗೆ ರಕ್ತ ತೀರಾ ಕಡಿಮೆ ಇದೆ ಎಂದು ವರದಿ ಹೋಯಿತು. ಗಂಡ ಅವಳನ್ನು ದೊಡ್ಡ ಆಸ್ಪತ್ರೆಗೆ ಓಡಿಸಿಕೊಂಡು ಹೋದ. ಬೇರೆಯವರ ರಕ್ತ ಏರಿಸುವ ಮೊದಲು ಅಲ್ಲಿ ಮತ್ತೆ ಪರೀಕ್ಷೆ ಮಾಡಿದ್ದರಿಂದ ತಪ್ಪು ಗೊತ್ತಾಯಿತು. ನಿಜವಾಗಿ ರಕ್ತ ಕಡಿಮೆ ಇದ್ದವಳನ್ನೂ ಕರೆಸಿ ಚಿಕಿತ್ಸೆ ಕೊಟ್ಟರು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಗಂಡ ದೂರು ಕೊಟ್ಟ. ವರದಿಗೆ ಸಹಿ ಹಾಕಿದ್ದವನು ಹೈದರಾಬಾದಿನ ಒಬ್ಬ ಟೆಕ್ನಿಷಿಯನ್, ಕೆಲಸಕ್ಕೆ ಸೇರಿ ಮೂರನೇ ತಿಂಗಳು. ಟ್ಯೂಬ್ ತನಗೆ ಬಂದದ್ದೇ ಹಾಗೆ ಎಂದು ಅವನು ಹೇಳಿದ. ಮ್ಯಾನೇಜರ್ ಬಾಯಮ್ಮನನ್ನು ಕರೆದು ಕೇಳಿದರು. ನಾನು ಸರಿಯಾಗಿಯೇ ಹಚ್ಚಿದ್ದೆ ಎಂದು ಬಾಯಮ್ಮ ಹೇಳಿದರು. ತಿಂಗಳೊಳಗೆ ಅವನನ್ನು ಊರಿಗೆ ಕಳಿಸಿದರು.

"ಸುಳ್ಳು ಅಂತ ಹೇಳುವಾಗಲೇ ಗೊತ್ತಿತ್ತು," ಎಂದರು ಬಾಯಮ್ಮ. "ಆಗ ನಂಗೆ ಹೊಟ್ಟೆಯಲ್ಲಿ ಎರಡು ತಿಂಗಳು. ಕೆಲಸ ಹೋದ್ರೆ ಹೇಗೆ ಅಂತ ಹೆದರಿದೆ. ಒಂದು ವಾರದಲ್ಲಿ ಅದೂ ಹೋಯ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ನಾನು ಲ್ಯಾಬಿನವಳು, ನಂಗೆ ಗೊತ್ತುಂಟು. ಆದ್ರೂ."

ಆ ಮಾತನ್ನು ಅವರು ಅಲ್ಲಿಗೇ ಬಿಟ್ಟು ಫೋನ್ ಒತ್ತಿದರು. ಅವನ ನಂಬರನ್ನು ಯಾರು ಯಾರನ್ನೋ ಕೇಳಿ ಸಂಪಾದಿಸಿದ್ದರು. ಸ್ಪೀಕರಿನಲ್ಲಿ ಇಟ್ಟು, ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಉರ್ದುವಿನಲ್ಲಿ ಹೇಳಿದೆ. ಯಾರು ಎಂದು ತಿಳಿಸಿದೆ, ಲೇಬಲ್ ತಪ್ಪು ಹಚ್ಚಿದ್ದು ಅವರೇ ಎಂದು ತಿಳಿಸಿದೆ, ಕ್ಷಮೆ ಕೇಳುತ್ತಿದ್ದಾರೆ ಎಂದೆ. ಆ ಕಡೆ ಯಾವುದೋ ಸ್ಕೂಟರಿನ ಸದ್ದು. ಆಮೇಲೆ ಅವನು ಮೆಲ್ಲಗೆ ಕೇಳಿದ, "ಎಂಟು ವರ್ಷ ಆದ ಮೇಲೆ ನಿಮಗೆ ನೆಮ್ಮದಿ ಬೇಕು ಅಂತ ಫೋನ್ ಮಾಡಿದಿರಾ?"

ಇದನ್ನು ಮೆತ್ತಗೆ ಮಾಡಿ ಹೇಳಲೇ ಎಂದು ನಾನು ಯೋಚಿಸಿದೆ. ಆದರೆ ಅಷ್ಟು ಹಿಂದಿ ಅವರಿಗೂ ಅರ್ಥವಾಗುತ್ತಿತ್ತು. "ಹೌದು ಅಂತ ಹೇಳು," ಎಂದರು. ಹೇಳಿದೆ. ಅವನು ಫೋನ್ ಇಟ್ಟ.

ಆ ದಿನ ನಾವು ಚಹಾ ಮಾಡಿಕೊಂಡು ಕುಡಿದೆವು, ಅಷ್ಟೇ. ಕ್ಷಮಿಸಿದ್ದಾನೆ ಎಂದು ಅವರು ಅಂದುಕೊಳ್ಳಲಿಲ್ಲ, ನಾನೂ ಹಾಗೆ ಸಮಾಧಾನ ಹೇಳಲಿಲ್ಲ. ಎರಡು ವಾರ ಕಳೆದು ಅವನಿಂದ ಮೆಸೇಜ್ ಬಂತು. ಬಾಯಲ್ಲಿ ಹೇಳಿದ್ದು ಸಾಲದು. ಬರೆದು ಕ್ಲಿನಿಕ್ಕಿಗೆ ಕೊಡಬೇಕು, ತಪ್ಪು ತನ್ನದಲ್ಲ ಎಂದು ಕ್ಲಿನಿಕ್ಕಿನ ಕಾಗದದ ಮೇಲೆ ತನಗೆ ಬರಬೇಕು. ಆಮೇಲೆ ಬೇರೆ ಯಾವ ಗಲ್ಫ್ ಆಸ್ಪತ್ರೆಯೂ ತನ್ನನ್ನು ತೆಗೆದುಕೊಳ್ಳಲಿಲ್ಲ, ಊರಿನಲ್ಲಿ ಸಣ್ಣದೊಂದು ರಕ್ತ ಪರೀಕ್ಷೆಯ ಕೇಂದ್ರ ಇಟ್ಟುಕೊಂಡಿದ್ದೇನೆ, ಈಗ ಎಲ್ಲಿಗೂ ಬರುವ ಆಸೆಯಿಲ್ಲ. ಆದರೆ ಮನೆಯಲ್ಲಿ ತಂದೆ ಇದ್ದಾರೆ. ಮಗ ಅಜಾಗರೂಕತೆಯಿಂದ ಒಬ್ಬಳನ್ನು ಸಾಯಿಸಲಿಕ್ಕಿದ್ದ ಎಂದು ಅವರು ನಂಬಿದ್ದಾರೆ. ಅವರಿಗೆ ಓದಿ ಹೇಳಬೇಕು. ಮೆಸೇಜನ್ನು ನಾನು ಎರಡು ಸಲ ಓದಿ ಹೇಳಿದೆ.

ಬಾಯಮ್ಮನ ಗಂಡ ಮಾತು ಕಡಿಮೆಯ ಮನುಷ್ಯ, ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸದವರು. ಅವತ್ತು ಅವರು ಮಾತಾಡಿದರು. ಬರೆದು ಕೊಡು, ಬೇಡ ಅನ್ನುವುದಿಲ್ಲ, ಹೆರಿಗೆ ಆಗಲಿ. ಎರಡು ತಿಂಗಳಲ್ಲಿ ಏನು ಹೋಗುತ್ತದೆ ಎಂದರು. ನಾನೂ ಅದನ್ನೇ ಹೇಳಿದೆ. ಹೆಂಡತಿಗೆ ಕೆಲಸ ಹೋದರೆ, ಈ ಸ್ಥಿತಿಯಲ್ಲಿ ಡಾಕ್ಟರರನ್ನು ಬದಲಾಯಿಸಿ, ಪೊಲೀಸು ಗಿಲೀಸು ಎಂದು ಓಡಾಡಬೇಕಾಗಿ ಬಂದರೆ ಎಂದು ಅವರಿಗೆ ಹೆದರಿಕೆ. ಅವರ ಹೆದರಿಕೆ ಸುಳ್ಳೇನಲ್ಲ.

ಬಾಯಮ್ಮ ಕೇಳಿಸಿಕೊಂಡು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಆಮೇಲೆ ಅಂದ್ರೆ ಆಗೂದಿಲ್ಲ. ನಾನು ಎಂಥವಳು ಅಂತ ನಂಗೆ ಗೊತ್ತುಂಟು. ಮಗು ಬಂದ ಮೇಲೆ ಎಲ್ಲದಕ್ಕೂ ಮಗುವಿನ ಹೆಸರು ಹೇಳಿ ತಪ್ಪಿಸಿಕೊಳ್ತೇನೆ. ಕಾರು ಯಾಕೆ ಕಲೀಲಿಲ್ಲ, ಮಗು. ಹಾಯಿಲ್ ಯಾಕೆ ನೋಡ್ಲಿಲ್ಲ, ಮಗು. ಇದನ್ನೂ ಹಾಗೇ ಮಾಡ್ತೇನೆ. ಪಟ್ಟಿ ಬರ್ದದ್ದೇ ಅದಕ್ಕೆ. ಹುಟ್ಟುವ ಮೊದಲೇ ಅದರ ತಲೆ ಮೇಲೆ ನನ್ನ ನೆಪ ಹೊರಿಸ್ಲಿಕ್ಕೆ ಇಲ್ಲ."

ಗಂಡ ಎದ್ದು ಹೋಗಿ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತರು. ಮತ್ತೆ ಬಂದು ಕಂಪ್ಯೂಟರ್ ತೆರೆದು, "ಹೇಳು, ಬರೀತೇನೆ" ಎಂದರು. ಅವರ ಇಂಗ್ಲಿಷ್ ಚೆನ್ನಾಗಿತ್ತು.

ಪತ್ರ ಒಂದೇ ಪುಟ. ಭಾನುವಾರ ಬೆಳಿಗ್ಗೆ ಬಾಯಮ್ಮ ಅದನ್ನು ಮ್ಯಾನೇಜರ್ ಕೈಗೆ ಕೊಟ್ಟರು. ಮ್ಯಾನೇಜರ್ ವಯಸ್ಸಾದ ಈಜಿಪ್ಟಿನ ಡಾಕ್ಟರ್, ಎಂಟು ವರ್ಷದ ಹಿಂದೆ ವಿಚಾರಣೆ ಮಾಡಿದ್ದವರೂ ಅವರೇ. ಎರಡು ಸಲ ಓದಿದರಂತೆ. ಈಗ ಯಾಕೆ ಎಂದು ಕೇಳಿದರಂತೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ, ಅದಕ್ಕೆ ಈಗ ಎಂದು ಇವರು ಉತ್ತರ ಕೊಟ್ಟರು. ಮಾಲೀಕರ ಜೊತೆ ಮಾತಾಡುತ್ತೇನೆ, ಹೋಗು ಎಂದರು. ಮೂರು ದಿನ ಬಾಯಮ್ಮ ಎಂದಿನಂತೆ ಕೆಲಸ ಮಾಡಿದರು. ಲ್ಯಾಬಿನಲ್ಲಿ ಎಲ್ಲರಿಗೂ ವಿಷಯ ತಿಳಿದಿತ್ತು. ಒಬ್ಬಿಬ್ಬರು ಅವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ನಾನು ಕೂತೆ. ಆದರೆ ನನಗೂ ಒಳಗೊಳಗೇ ಒಂದು ಅಳುಕಿತ್ತು ಎಂಬುದನ್ನು ಮುಚ್ಚಿಡಲಾರೆ.

ನಾಲ್ಕನೇ ದಿನ ಕರೆದು ತೀರ್ಮಾನ ಹೇಳಿದರು. ಕೆಲಸದಿಂದ ತೆಗೆಯುವುದಿಲ್ಲ. ಅವರಂಥ ಕೈ ಸಿಗುವುದು ಕಷ್ಟ ಎಂಬುದೂ ಅದಕ್ಕೆ ಕಾರಣವಿರಬೇಕು. ಎಚ್ಚರಿಕೆಯ ಪತ್ರ ಫೈಲಿಗೆ ಹೋಗುತ್ತದೆ, ಇನ್‌ಚಾರ್ಜ್ ಸ್ಥಾನ ಇಲ್ಲ. ಆಯಿತು ಎಂದು ಸಹಿ ಮಾಡಿದ ಬಾಯಮ್ಮ ಏಳಲಿಲ್ಲ. ಹೈದರಾಬಾದಿನವನಿಗೆ ಕೊಡಬೇಕಾದ ಕಾಗದ ಎಲ್ಲಿ ಎಂದು ಕೇಳಿದರು. ಅದು ಆಮೇಲೆ ನೋಡೋಣ ಎಂದರು ಮ್ಯಾನೇಜರ್. ಬಾಯಮ್ಮ ಬಾಗಿಲ ಪಕ್ಕದ ಕುರ್ಚಿಗೆ ಹೋಗಿ ಕೂತರು. ಏಳು ತಿಂಗಳ ಹೊಟ್ಟೆ. ನಮಾಜಿನ ಬಿಡುವಾಯಿತು, ಮ್ಯಾನೇಜರ್ ಹೋಗಿ ಬಂದರು, ಇವರು ಅಲ್ಲೇ ಇದ್ದರು. ಕುಡಿಯಲು ನೀರು ಕೊಟ್ಟು ಬರಲು ಹೋದ ನನಗೆ, "ನೀನು ಹೋಗು, ಕೆಲಸ ಉಂಟು. ಮೊಹರು ಬೀಳದೆ ನಾನು ಏಳೂದಿಲ್ಲ" ಎಂದರು. ಸಂಜೆಯ ಹೊತ್ತಿಗೆ ಮೊಹರು ಬಿತ್ತು. ಕಾಗದದ ಫೋಟೋ ತೆಗೆದು ಅಲ್ಲಿಂದಲೇ ಕಳಿಸಿದರು. ಮೂಲ ಪ್ರತಿಯನ್ನು ಮರುದಿನ ಕೊರಿಯರ್ ಮಾಡಿದರು. ಅವನಿಂದ ಬಂದ ಉತ್ತರ ಒಂದೇ ಸಾಲು. ತಂದೆಗೆ ಓದಿ ಹೇಳಿದೆ ಎಂದು. ಕ್ಷಮಿಸಿದೆ ಎಂದು ಅದರಲ್ಲಿ ಇರಲಿಲ್ಲ. ಬಾಯಮ್ಮ ಅದನ್ನು ಹುಡುಕಲೂ ಇಲ್ಲ.

ಅವರಿಂದ ತೆಗೆದ ಇನ್‌ಚಾರ್ಜ್ ಸ್ಥಾನವನ್ನು ನನಗೆ ಕೊಟ್ಟರು. ಆ ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳುವಾಗ ನನಗೆ ಖುಷಿಯಾಗಿತ್ತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಗಿತ್ತು. ಮರುದಿನ ಬಾಯಮ್ಮನ ಮುಖ ನೋಡುವುದು ಹೇಗೆ ಎಂದುಕೊಂಡು ಲ್ಯಾಬಿಗೆ ಹೋದರೆ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಪರೀಕ್ಷೆಯ ರಾಸಾಯನಿಕ ಇಡುವ ಫ್ರಿಜ್ಜಿನ ಕೀಲಿಗಳನ್ನು ನನ್ನ ಮುಂದಿಟ್ಟು, ಯಾವುದು ಯಾವಾಗ ಮುಗಿಯುತ್ತದೆ, ಯಾವ ಸಪ್ಲೈಯರ್ ಸುಳ್ಳು ಹೇಳುತ್ತಾನೆ, ಯಾವ ಡಾಕ್ಟರಿಗೆ ವರದಿ ಬರೆದು ಕಳಿಸಿದರೂ ಮತ್ತೆ ಫೋನ್ ಮಾಡಿ ಹೇಳಬೇಕು, ಎಲ್ಲ ಹೇಳಿಕೊಟ್ಟರು. ಒಂದು ವಾರ ಹೀಗೆ ನಡೆಯಿತು. ನಾನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಡಬ್ಬಿ ತೆಗೆದು ತೋರಿಸುತ್ತಿದ್ದರು. ಅದಾದ ಮೇಲೆ ಎಲ್ಲರ ಮುಂದೆ ನನ್ನನ್ನು ಬಹುವಚನದಲ್ಲಿ ಮಾತಾಡಿಸಲು ಶುರು ಮಾಡಿದರು. ಅದನ್ನು ಮಾತ್ರ ನಾನು ತಡೆದೆ.

ಸಮುದ್ರದ ಕೆಲಸ ಆಗಲಿಲ್ಲ. ಎಂಟನೇ ತಿಂಗಳಿಗೆ ರಕ್ತದೊತ್ತಡ ಏರಿತು, ನೀರಿಗೆ ಇಳಿಯಬಾರದು ಎಂದು ಡಾಕ್ಟರ್ ಹೇಳಿದರು. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದರೂ ಮೊಣಕಾಲಿನಿಂದ ಮೇಲೆ ಉಪ್ಪುನೀರು ತಾಗಿಸಿಕೊಳ್ಳಲು ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಡುತ್ತಿರಲಿಲ್ಲವಂತೆ. ಅದು ಉಳಿದುಹೋಯಿತಲ್ಲ ಎಂದು ನಾನು ಬೇಸರ ಮಾಡಿಕೊಂಡೆ. ಅವರು ಮಾಡಿಕೊಳ್ಳಲಿಲ್ಲ. ಆರರಲ್ಲಿ ಐದು ಆಯಿತು, ಶಾಲೆಯಲ್ಲಿ ತನಗೆ ಇಷ್ಟು ಮಾರ್ಕು ಎಂದೂ ಬಂದಿರಲಿಲ್ಲ ಎಂದರು.

ಮೂವತ್ತಾರನೇ ವಾರಕ್ಕೆ ಒತ್ತಡ ಮತ್ತೆ ಏರಿ, ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿ ಮಧ್ಯಾಹ್ನ ಆಪರೇಷನ್ ಮಾಡಿದರು. ಹೆಣ್ಣು ಮಗು, ಎರಡು ಕಿಲೋಗೆ ಸ್ವಲ್ಪ ಮೇಲೆ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಆ ಒಂಬತ್ತು ದಿನ ನನಗೆ ಕೆಲಸದಲ್ಲಿ ಕೈ ಓಡಲಿಲ್ಲ. ಬಾಯಮ್ಮನನ್ನು ನೋಡಲು ಹೋದಾಗ ಅವರು ಗಾಜಿಗೆ ಹಣೆ ಹಚ್ಚಿ ನಿಂತಿದ್ದರು. ಅಷ್ಟು ಹೆದರಿದ ಮುಖವನ್ನು ನಾನು ಅವರಲ್ಲಿ ನೋಡಿರಲಿಲ್ಲ. ಮ್ಯಾನೇಜರ್ ಎದುರು ಕೂತವರೂ ಇವರೇ ಎಂದು ನಂಬುವುದು ಕಷ್ಟವಿತ್ತು. ಸುಡಾನಿ ಹೆಂಗಸು ಪಕ್ಕದಲ್ಲಿ ನಿಂತು ಅವರ ಬೆನ್ನು ಸವರುತ್ತಿದ್ದಳು. ನಾನು ಇನ್ನೊಂದು ಪಕ್ಕ ನಿಂತೆ. ಹತ್ತನೇ ದಿನ ಮಗುವನ್ನು ಕೈಗೆ ಕೊಟ್ಟರು. ಗಂಡ ಕಾರು ತಂದರು. ಇಷ್ಟು ಹೆದರಿಕೆ ಇಟ್ಟುಕೊಂಡು ನಾನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಬಾಯಮ್ಮ ಹಿಂದಿನ ಸೀಟಿನಲ್ಲಿ ಕೂತರು.

ಆಮೇಲಿನ ಒಂದು ವರ್ಷ ಅವರು ನನ್ನ ಕೈಕೆಳಗೆ ಕೆಲಸ ಮಾಡಿದರು. ಮಗುವನ್ನು ಹಗಲು ಸುಡಾನಿ ಹೆಂಗಸಿನ ಹತ್ತಿರ ಬಿಟ್ಟು ಬರುತ್ತಿದ್ದರು. ಅದರ ಬಾಯಲ್ಲಿ ಮೊದಲು ಬಂದ ಮಾತು ಅರಬ್ಬಿಯದು ಎಂದು ಗಂಡ ತಮಾಷೆ ಮಾಡುತ್ತಿದ್ದರು. ಕಳೆದ ತಿಂಗಳು ಮೂವರೂ ಹೊರಟುಹೋದರು.

ಅವರು ಹೋಗಿ ಎರಡು ವಾರಕ್ಕೆ ಲ್ಯಾಬಿನಲ್ಲಿ ಒಂದು ತಪ್ಪಾಯಿತು. ಪ್ರತಿದಿನ ಬೆಳಿಗ್ಗೆ ಮೆಷಿನ್ ಸರಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಿ ಇನ್‌ಚಾರ್ಜ್ ಸಹಿ ಹಾಕಬೇಕು. ಅವತ್ತು ಗಡಿಬಿಡಿಯಲ್ಲಿ ನೋಡದೆ ಸಹಿ ಹಾಕಿದೆ. ಮಧ್ಯಾಹ್ನ ನೋಡಿದರೆ ಸಕ್ಕರೆಯ ಅಂಶ ಹೆಚ್ಚು ತೋರಿಸುತ್ತಿದೆ. ಅಷ್ಟರಲ್ಲಿ ಹತ್ತೊಂಬತ್ತು ಜನರ ವರದಿ ಹೋಗಿತ್ತು. ಅವರಲ್ಲಿ ಒಬ್ಬಳು ಬಸುರಿ, ಅವಳಿಗೆ ಆಗಲೇ ಇನ್ಸುಲಿನ್ ಹೆಚ್ಚಿಸಿ ಬರೆದುಕೊಟ್ಟಿದ್ದರು. ಮೆಷಿನ್ ಹಾಳಾಗಿತ್ತು ಎಂದರೆ ಮುಗಿಯುತ್ತಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ. ನಾನು ಇನ್ಸುಲಿನ್ ಬರೆದ ಡಾಕ್ಟರ್ ಹತ್ತಿರ ಹೋಗಿ, ನೋಡದೆ ಸಹಿ ಹಾಕಿದ್ದೇನೆ ಎಂದೆ. ಅಲ್ಲೇ ಕೂತು ಆ ಬಸುರಿಗೆ ಮೊದಲು, ಉಳಿದ ಹದಿನೆಂಟು ಮಂದಿಗೆ ಆಮೇಲೆ ಫೋನ್ ಮಾಡಿದೆವು. ಮ್ಯಾನೇಜರ್ ಕರೆದು ಬೈದರು, ಲಿಖಿತ ಎಚ್ಚರಿಕೆ ಕೊಟ್ಟರು.

ಸಂಜೆ ಬಾಯಮ್ಮನಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಅವರು ಮೆಚ್ಚಿಕೊಳ್ಳಲಿ ಎಂಬ ಆಸೆಯಿತ್ತು. ನಡೆದದ್ದನ್ನೆಲ್ಲ ವಿವರವಾಗಿ ಹೇಳಿದೆ, ನಾನು ಏನು ಹೇಳಿದೆ, ಮ್ಯಾನೇಜರ್ ಏನು ಬೈದರು, ಎಲ್ಲ. ಅವರು ಕೇಳಿಸಿಕೊಂಡರು. ಹಿಂದೆ ಮಗು ಏನನ್ನೋ ನೆಲಕ್ಕೆ ಬಡಿಯುತ್ತಿತ್ತು.

"ಆ ಹೆಂಗಸು ಈಗ ಹೇಗಿದ್ದಾಳೆ?" ಎಂದು ಕೇಳಿದರು.

ಇನ್ಸುಲಿನ್ ತೆಗೆದುಕೊಳ್ಳುವ ಮೊದಲೇ ಫೋನ್ ಸಿಕ್ಕಿತು, ಚೆನ್ನಾಗಿದ್ದಾಳೆ ಎಂದೆ.

"ಎಷ್ಟನೇ ತಿಂಗಳು?"

ಆರು ಎಂದೆ.

"ನಾಳೆ ಒಂದು ಸಲ ಫೋನ್ ಮಾಡಿ ವಿಚಾರಿಸು," ಎಂದರು.